ಎದುರು ದ್ವೀಪಕ್ಕೆ

ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ ನಿನ್ನ ಫ್ಲೋರೆಸ್,
ಮೋಡ ಕವಿಯದ ದಿನ.
ಕತ್ತಲಾದರೆ ದೀಪಗಳೂ.
ಬಲಗಡೆಯಿಂದ ಮೂರನೆಯದು ನಿನ್ನದೆಂದು
ನನ್ನಷ್ಟಕ್ಕೆ ಗೊತ್ತುಮಾಡಿಕೊಂಡಿದ್ದೇನೆ, ಎವುಲಾಲಿಯಾ,
ತಪ್ಪಿದ್ದರೆ ತಿದ್ದಬೇಡ.

ನಡುವೆ ಒಂದು ತುಂಡು ಅಟ್ಲಾಂಟಿಕ್.
ಬೇಸಿಗೆಯಲ್ಲಿ ದೋಣಿ ದಾಟಿಸುತ್ತದೆ,
ಚಳಿಗಾಲದಲ್ಲಿ ಅದು ಹಗ್ಗ ಕಟ್ಟಿಸಿಕೊಂಡು ಮಲಗಿದಾಗ
ನನ್ನ ಕಾಗದ ವಿಮಾನ ಹತ್ತಿ
ನಿನ್ನೂರನ್ನು ಬಿಟ್ಟು ತೆರ್ಸೆಯ್ರಕ್ಕೆ ಹೋಗಿ
ಯಾವುದೋ ಚೀಲದೊಳಗೆ ನಾಲ್ಕು ದಿನ ನಿದ್ದೆ ತೆಗೆದು
ನಿನ್ನ ಬಾಗಿಲಿಗೆ ಬರುತ್ತದೆ,
ತಲೆ ಸುತ್ತಿ ಮೂಗು ಹಿಡಿದ ಹಾಗೆ.

ಫೋನಿದೆ. ಭಾನುವಾರ ಮಾತಾಡುತ್ತೇವೆ,
ಬೆಣ್ಣೆಯ ಬೆಲೆ, ಅಂಚೆಯ ಗುವಾಲ್ತೆರನ ಮೊಣಕಾಲು.
ಕಾಗದದಲ್ಲಿ ಬರೆದದ್ದನ್ನು ಮಾತ್ರ
ಇಬ್ಬರೂ ಬಾಯಿಬಿಟ್ಟು ಆಡುವುದಿಲ್ಲ.
ಯಾರೂ ಮಾಡದೆಯೇ ಆದ ಒಪ್ಪಂದ ಅದು.

ಜನವರಿಯಲ್ಲಿ ಹಲ್ಲುನೋವೆಂದು ಬರೆದೆ.
ನಿನ್ನ ಉತ್ತರ ಬರುವಷ್ಟರಲ್ಲಿ
ಹಲ್ಲು ಕಿತ್ತು ಹನ್ನೊಂದು ದಿನ.
ಲಕೋಟೆ ಒಡೆದರೆ ಮೂರು ಲವಂಗ,
ಅಂಚೆಮುದ್ರೆಯ ಪೆಟ್ಟಿಗೆ ಒಂದು ಪುಡಿ.
ಹಲ್ಲಿದ್ದಾಗ ಲವಂಗವಿಲ್ಲ, ಲವಂಗ ಬಂದಾಗ ಹಲ್ಲಿಲ್ಲ!
ಆದರೂ ಒಂದನ್ನು
ಆ ಖಾಲಿ ಸಂದಿಗೆ ಒತ್ತಿಕೊಂಡು ಹಸು ಕರೆಯಲು ಹೋದೆ.
ನೋವಿರಲಿಲ್ಲ. ಖಾರ ಚೆನ್ನಾಗಿತ್ತು.

ನಿನ್ನ ಅಕ್ಷರ ಈಗೀಗ ಎಡಕ್ಕೆ ವಾಲುತ್ತದೆ.
ಹೊಡೆದುಹಾಕಿದ ಪದಗಳನ್ನು
ದೀಪಕ್ಕೆ ಹಿಡಿದು ಹಿಂಬದಿಯಿಂದ ಓದುತ್ತೇನೆ,
ಅದೂ ನಿನಗೆ ಗೊತ್ತಿರಬೇಕು,
ಇಲ್ಲದಿದ್ದರೆ ಇನ್ನಷ್ಟು ಗಟ್ಟಿಯಾಗಿ ಗೀಚುತ್ತಿದ್ದೆ.

ಈ ಸಲ ಬರೆದದ್ದು ಅಂಥದ್ದಲ್ಲ.
ನೀನಿನ್ನೂ ನಮ್ಮ ಬೀದಿಯಲ್ಲಿದ್ದಾಗ
ತದೇವು ನನ್ನ ಕೈಗಿತ್ತ ನಿನ್ನ ಹೆಸರಿನ ಕಾಗದವನ್ನು
ಕೆಟಲಿನ ಹಬೆಗೆ ಹಿಡಿದು ಬಿಚ್ಚಿದ್ದೆ.
ಆರಕ್ಕೆ ಕಟ್ಟೆಗೆ ಬಾ ಎಂದಿತ್ತು ಅದು.
ನಿನಗೆ ಕೊಟ್ಟದ್ದು ಎಂಟಕ್ಕೆ.
ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು, ಅಂಟಿಸಿ,
ಡಬ್ಬಿಗೆ ಹಾಕಿದೆ.

ಮಂಜು ಇಳಿಯಿತು. ಆರು ದಿನ ವಿಮಾನವಿಲ್ಲ.
ಮೂರನೆಯ ದಿನ ಗುವಾಲ್ತೆರನ ಮುಂದೆ ಹೋಗಿ ನಿಂತೆ.
ಅವನು ಚೀಲ ಮೇಜಿನ ಮೇಲಿಟ್ಟು
'ನಾನು ಸ್ಟಾಂಪು ಎಣಿಸುತ್ತಿರುತ್ತೇನೆ' ಅಂದು ಬೆನ್ನು ತಿರುಗಿಸಿದ.
ಚೀಲದ ಬಾಯಿಗೆ ಕಟ್ಟಿದ್ದ ದಾರ,
ಗೋಣಿಯ ವಾಸನೆ,
ಅವನು ಎಪ್ಪತ್ತರವರೆಗೆ ಎಣಿಸಿದ್ದು ಕೇಳಿತು.
ದಾರ ಮುಟ್ಟಲಿಲ್ಲ.

ಆಮೇಲಿನ ದಿನಗಳು ವಿಚಿತ್ರ, ಎವುಲಾಲಿಯಾ.
ಹೆದರಿಕೆಯೇನೋ ಇತ್ತು,
ಆದರೆ ಬೆಳಿಗ್ಗೆ ಚೀಸಿನ ಬಿಲ್ಲೆಗಳನ್ನು ಮಗುಚುವಾಗ
ಒಂದು ಬಗೆಯ ಹಿತ:
ನನ್ನ ಮಾತು ದಾರಿಯಲ್ಲಿದೆ,
ನನ್ನ ಬಾಯಲ್ಲೂ ಇಲ್ಲ, ನಿನ್ನ ಕಿವಿಯಲ್ಲೂ ಇಲ್ಲ.

ಗುರುವಾರ ಮೂರನೆಯ ದೀಪ ಎರಡು ಗಂಟೆಯವರೆಗೂ ಉರಿಯಿತು.
ಭಾನುವಾರ ಫೋನು.
ಬೆಣ್ಣೆ ಅಗ್ಗವಾಗಿದೆಯಂತೆ. ಮೊಣಕಾಲು ಕೇಳಿದೆ, ಹೇಳಿದೆ.
ಇಡುವ ಮೊದಲು, ಏನೋ ನೆನಪಾದವಳಂತೆ,
'ಮಸಿ ಮುಗಿದುಹೋಗಿದೆ ಕಣೇ,
ನಾಳೆ ಅಂಗಡಿಗೆ ಹೋಗಬೇಕು' ಅಂದೆ.