ನಾಲ್ಕು ಬೆರಳುದ್ದ

ಇವತ್ತು ಬೋಲ್ಗಾದಲ್ಲಿ ಸಂತೆಯಿಲ್ಲ,
ನಾಳೆಯೂ ಇಲ್ಲ.
ಕಟ್ಟು ಬಿಚ್ಚಿದ ಹುಲ್ಲಿನ ಕಂತೆಯ ಹಾಗೆ
ಅಂಗಳದ ತುಂಬ ಹರಡಿಕೊಂಡಿದೆ ಬೆಳಗು.

ರಾತ್ರಿ ಹರ್ಮಟ್ಟಾನ್ ಗಾಳಿ ಬಂದು
ಎಲ್ಲದಕ್ಕೂ ಒಂದು ಪದರ ಮರುಭೂಮಿ ಬಳಿದು ಹೋಗಿದೆ:
ನೀರಿನ ಹಂಡೆಗೆ, ಸೈಕಲ್ಲಿಗೆ, ಗಿನಿಕೋಳಿಗಳ ಬೆನ್ನಿಗೆ,
ಲಾಮಿಸಿಯ ರೆಪ್ಪೆಗೆ.

ನನ್ನ ಮೊಣಕಾಲುಗಳ ನಡುವೆ ಕೂತಿದ್ದಾಳೆ ತಂಗಿ
ತಲೆಯನ್ನು ನನ್ನ ಕೈಗೊಪ್ಪಿಸಿ.
ಶಾಲೆಗೆ ಸೇರಿದ ದಿನದಿಂದ ಆ ತಲೆಗೆ
ತಿಂಗಳಿಗೊಂದು ಕತ್ತರಿ,
ಕೂದಲು ಬೆಳೆದರೆ
ಅದರ ತುದಿಯಿಂದ ವಿದ್ಯೆ ಸೋರಿಹೋಗುತ್ತದೇನೋ ಎಂಬಂತೆ.
ಕೊನೆಯ ಪರೀಕ್ಷೆ ಮುಗಿದು ಈಗ ಎಂಟು ತಿಂಗಳು.
ನಾಲ್ಕು ಬೆರಳುದ್ದ ಬಂದಿದೆ.
ಬೆರಳು ಅವಳದೇ, ದಿನಾ ಅಳೆಯುತ್ತಾಳೆ.
ಎಳೆದರೆ ನಾಲ್ಕು,
ಬಿಟ್ಟರೆ ಸುರುಳಿ ಸುತ್ತಿ ಎರಡು.
ಉಳಿದೆರಡು ಎಲ್ಲಿ ಅಡಗಿತೆಂದು
ಪ್ರತಿ ಸಲವೂ ಅವಳಿಗೆ ಹೊಸ ಅಚ್ಚರಿ.

ಮರದ ಬಾಚಣಿಗೆ, ಕಪ್ಪು ದಾರದ ಉಂಡೆ,
ಸೋರೆಬುರುಡೆಯಲ್ಲಿ ಶಿಯಾ ಬೆಣ್ಣೆ,
ಎಲ್ಲ ಇರುವುದು
ವಾಪಸು ಬಂದ ಬುಟ್ಟಿಯಲ್ಲಿ.
ವ್ಯಾಪಾರಿ ಅದನ್ನು ನೆಲದ ಮೇಲಿಟ್ಟು
ಕತ್ತು ಓರೆ ಮಾಡಿ ನೋಡಿ,
‘ಅಟಿಪೋಕಾ, ಇದು ವಾಲುತ್ತದಲ್ಲ’ ಅಂದಿದ್ದ.
ವಾಲುತ್ತದೆ, ನಿಜ.
ಅದನ್ನು ಹೆಣೆದ ಮಧ್ಯಾಹ್ನವಿಡೀ
ಬೆನ್ನಿಗೆ ಕಟ್ಟಿಕೊಂಡ ಮಗು
ಎಡಕ್ಕೇ ವಾಲಿ ನಿದ್ದೆ ಮಾಡಿತ್ತು.
ಬುಟ್ಟಿಯೂ ಜೊತೆಗೆ ಹೋಯಿತು.

ಚಳಿಗೆ ಕಲ್ಲಾದ ಬೆಣ್ಣೆ
ಅಂಗೈಯಲ್ಲಿ ಮೊದಲು ಬೆವರಿ, ಆಮೇಲೆ ಸೋಲುತ್ತದೆ.
ಹೊಗೆಯ ವಾಸನೆ, ಹುರಿದ ಕಾಯಿಯ ವಾಸನೆ.
ಹುಲ್ಲು ಹೊಸೆದು ಹೊಸೆದು ಅರದಂತಾದ ನನ್ನ ಕೈ
ಕೂದಲಿಗೆ ತೊಡರುತ್ತದೆ.
ಇನ್ನಷ್ಟು ಬೆಣ್ಣೆ ಹಚ್ಚಿದರೆ
ಎರಡೂ ಹೇಗೋ ಒಪ್ಪಂದಕ್ಕೆ ಬರುತ್ತವೆ.

‘ಬುಡ ಹಿಡಿದುಕೋ, ತುದಿಯಿಂದ ಬಿಡಿಸುತ್ತ ಬಾ’
ಅನ್ನುತ್ತಾಳೆ ತಲಾತಾ ಅತ್ತೆ,
ಉಳಿದ ಆರು ಹಲ್ಲಿನಲ್ಲಿ ಹುಲ್ಲು ಸೀಳುತ್ತ.
ಸಿಕ್ಕು ಯಾವುದಾದರೂ ಅವಳದು ಇದೊಂದೇ ಮದ್ದು:
ಕೂದಲಿಗೆ, ಸಾಲಕ್ಕೆ,
ಮುನಿಸಿಕೊಂಡ ಗಂಡಂದಿರಿಗೆ.

ಬೈತಲೆ ತೆಗೆದೆ. ಸ್ವಲ್ಪ ಸೊಟ್ಟ.
ಅಳಿಸಿ ಇನ್ನೊಮ್ಮೆ ತೆಗೆದೆ. ಬೇರೆ ಥರದ ಸೊಟ್ಟ.
ಬಿಟ್ಟೆ.
ಬುಡದಿಂದ ದಾರ ಸುತ್ತಿ, ಬಿಗಿದು, ತುದಿಗೆ ಗಂಟು ಹಾಕಿದರೆ
ಒಂದೊಂದು ಕುಚ್ಚೂ ನೆಟ್ಟಗೆ ಎದ್ದು ನಿಲ್ಲುತ್ತದೆ
ಮೊದಲ ಮಳೆಗೆ ಮೊಳೆತ ಸಜ್ಜೆಯ ಹಾಗೆ.
ಹದಿನೇಳು ಎಣಿಸಿದಳು, ಬೆರಳಿನಿಂದಲೇ ಮುಟ್ಟಿ ಮುಟ್ಟಿ.
‘ಕನ್ನಡಿ ತರಲಾ?’
‘ಬೇಡ, ಇನ್ನೂ ಮುಗಿದಿಲ್ಲ.’

ಕಿವಿಯ ಹಿಂದೆ ಒಂದೇ ಒಂದು ಕುಚ್ಚು ಉಳಿದಾಗ
ದಾರ ಮುಗಿಯಿತು.
ಸಂತೆ ನಾಡಿದ್ದು.
ಲಾಮಿಸಿ ಸುಮ್ಮನೆ ಕೈ ಚಾಚಿ
ಅತ್ತೆಯ ಮಡಿಲಿಂದ ನೇರಳೆ ಬಣ್ಣದ ಹುಲ್ಲೊಂದನ್ನೆತ್ತಿ
ಹಂಡೆಯಲ್ಲದ್ದಿ, ಮಿದುವಾಗಿಸಿ,
ಭುಜದ ಮೇಲಿಂದ ನನಗೆ ಕೊಟ್ಟಳು:
‘ಇದನ್ನೇ ಸುತ್ತು.’

ಸುತ್ತಿದೆ.
ಅತ್ತೆಗೆ ನಗು ತಡೆಯಲಾಗಲಿಲ್ಲ.
‘ನೋಡಿಕೋ ಹುಡುಗಿ,
ಬುಟ್ಟಿಯೆಂದುಕೊಂಡು ಲಾರಿಗೆ ಹೇರಿ
ಟೆಮಾ ಬಂದರಿಗೆ ಕಳಿಸಿಬಿಡುತ್ತಾರೆ ನಿನ್ನನ್ನು,
ಅಲ್ಲಿಂದ ಹಡಗು!’

‘ಕಳಿಸಲಿ ಬಿಡು’ ಅಂದಳು ಲಾಮಿಸಿ,
‘ಅಲ್ಲಿ ಹೋಗಿ ಸ್ವಲ್ಪ ವಾಲುತ್ತೇನೆ.
ವಾಪಸು ಕಳಿಸುತ್ತಾರೆ.’

ಗಿನಿಕೋಳಿಯೊಂದು ಬಂದು
ಬಿದ್ದ ಕೂದಲೆಳೆಯನ್ನು ಕುಕ್ಕಿ ನೋಡಿ
ರುಚಿಸದೆ ಹೋಯಿತು.

ನಾನು ಮಾತು ಕೇಳಿಸದವಳ ಹಾಗೆ
ಆ ಕೊನೆಯ ಗಂಟನ್ನು ಬಿಚ್ಚಿ
ಇನ್ನೊಮ್ಮೆ ನಿಧಾನ ಕಟ್ಟಿದೆ.
ಬಿಚ್ಚುವ ಅಗತ್ಯವೇನೂ ಇರಲಿಲ್ಲ.