ನಲವತ್ತೊಂದನೇ ಎಳಿ

ಹುಬ್ಬಳ್ಳಿ ದುರ್ಗದಬೈಲಿನ ಹಿಂದ, ಹಾಸಿದ ಗೋಣಿಚೀಲದ ಮ್ಯಾಲೆ,
ರಿಮೋಟು, ಚಾರ್ಜರು, ಒಂಟಿ ಕಿವಿಯ ಹೆಡ್‌ಫೋನಿನ ನಡುವ
ಅದು ಬೋರಲು ಬಿದ್ದಿತ್ತು.
ಗ್ರಾಫ್ ತೆಗಿಯೂ ಕ್ಯಾಲ್ಕುಲೇಟರು. ಇನ್ನೂರು ಅಂದ, ನೂರಾ ಇಪ್ಪತ್ತಕ್ಕ ಕೊಟ್ಟ.
ಬೆನ್ನಿನ ಮ್ಯಾಲೆ ಯಾರೋ ಸೂಜೀಲೆ ಕೊರದಿದ್ರು:
ಎಸ್. ಬಿ., ಸಿವಿಲ್, ಮೂರನೇ ಸೆಮ್.

ಬೆಟಗೇರಿಗೆ ಬರೂ ಬಸ್ಸಿನ್ಯಾಗ ಸೆಲ್ ಹಾಕಿದೆ.
ಪರದೆ ಎದ್ದಿತು, ಹೆಸರುಬ್ಯಾಳಿ ತೊಳದ ನೀರಿನ ಬಣ್ಣ.
ಅಡ್ಡ ತೊಂಬತ್ತಾರು ಚುಕ್ಕಿ, ಉದ್ದ ಅರವತ್ತನಾಕು.
ಎಡದಿಂದ ನಲವತ್ತೊಂದನೇದು ಮಾತ್ರ
ಮ್ಯಾಲಿಂದ ಕೆಳತನಕ ಸತ್ತಿತ್ತು.

ತುಳಜಾಸಾ ಕಾಕಾ ಕನ್ನಡಕ ಏರಿಸಿ ನೋಡಿದ.
"ಹಾಸಿನ ಎಳಿ ಹರದೇತಲ್ಲ.
ಗಂಟ ಹಾಕಾಕ ಬರೂದಿಲ್ಲೇನು?"

ಕರೆಂಟು ಹೋದ್ರ ನಮ್ಮ ಓಣ್ಯಾಗ ಮೊದಲು ಕಿವಿ ನೋಯತಾವ.
ಅಷ್ಟೂ ಮಗ್ಗ ಒಮ್ಮೆಲೆ ನಿಂತ ಮ್ಯಾಲೆ ಉಳಿಯೂ ಖಾಲಿ.
ಆ ಖಾಲ್ಯಾಗ ಕುಂತು ಬರೀತಿದ್ದೆ,
ನಾಕು ಸಣ್ಣ ಸೆಲ್ಲಿನ ಜೀವದ ಮ್ಯಾಲೆ,
ನಾ ಎಂದೂ ಆಡದ ಒಂದು ಆಟ.

ಗದಗ ಸ್ಟೇಷನ್ ರೋಡಿನ ವಿಡಿಯೋ ಗೇಮಿನ ಅಂಗಡ್ಯಾಗ
"ಹೆಣ್ಣಹುಡುಗಿ, ಬಟನ್ ಮುರೀತಿ" ಅಂತಿದ್ದ ಮಾಲಕ.
ಅಣ್ಣನ ಹೆಗಲ ಮ್ಯಾಲಿಂದ ಮೂರು ಬ್ಯಾಸಿಗಿ ನೋಡಿದ್ದೆ:
ಆಕಾಶದಾಗ ಏಡಿಗಳ ದಂಡು.
ಬಲಕ್ಕ ಸರೀತೈತಿ, ಅಂಚು ಮುಟ್ಟತೈತಿ,
ಒಂದು ಸಾಲು ಇಳದು ಎಡಕ್ಕ ಹೊಳ್ಳತೈತಿ.
ಇದು ಲಾಳಿ ನಡಿಗಿ ಅಂತ ಆವಾಗನ ಅನಿಸಿತ್ತು.
ಯಾರಿಗೂ ಹೇಳಿರಲಿಲ್ಲ.

ಮೊದಲ ಸಲ, ಏಡಿ ಒಂದು ಹೆಜ್ಜಿ ಇಡೂದ್ರಾಗ
ನಾ ಒಂದು ಕಪ್ ಚಾ ಕುಡದು ಬಸಿ ತೊಳದಿಟ್ಟಿದ್ದೆ.
ಪರದೆ ಪೂರಾ ಅಳಿಸಿ ಬರಿಯೂದು ಬಿಟ್ಟೆ.
ಸರಿದ ಚುಕ್ಕಿಯಷ್ಟ ಅಳಿಸಿ, ಸರಿದಲ್ಲೆಷ್ಟ ಬರದೆ.
ಹದಿನೇಳನೇ ರಾತ್ರಿ ದಂಡು ನಡೀತು.

ಏಡಿಯ ಮಾರಿ ಮಾತ್ರ ನನಗ ಬರಲಿಲ್ಲ. ಕಾಕಾ
ಡಾಬಿಯ ಪಟ್ಟಿ ತಂದು ಮುಂದಿಟ್ಟ.
"ಗೂಟ ಇದ್ರ ಎಳಿ ಏಳತೈತಿ, ಇಲ್ಲಂದ್ರ ಮಲಗತೈತಿ.
ಅರ್ಧ ಬರಿ ಸಾಕು, ಉಳಿದರ್ಧ ಕನ್ನಡಿ."
ಎಂಟು ಮನ್ಯಾಗ ಕೊಂಬು, ಕಣ್ಣು, ಕಾಲು ಕುಂತ್ವು.
ಇದ್ದಲ್ಲಿ ಒಂದು. ಇಲ್ಲದಲ್ಲಿ ಸೊನ್ನೆ.

ಮೊದಲು ಆಡಿದಾಂವ ಅವನ.
ಸೀದಾ ಹೋಗಿ ಸತ್ತ ಎಳಿಯ ಕೆಳಗ ನಿಂತ.
ಅಲ್ಲಿಂದ ಹೊಡದ ಗುಂಡು ಕಾಣಂಗಿಲ್ಲ,
ಮ್ಯಾಲಿನ ಏಡಿ ಸುಮ್ಮನ ಮಾಯ.
"ನೋಡವಾ ರುಕ್ಮಾ, ಹರದ ಎಳೀನೂ ಕೆಲಸಕ್ಕ ಬರತೈತಿ"
ಅಂದು ಹಲ್ಲಿಲ್ಲದ ಬಾಯೀಲೆ ನಕ್ಕ.
ಹದಿನಾಕು ಸಾವಿರ. ನಾ ಇನ್ನೂ ಅಷ್ಟು ಮುಟ್ಟಿಲ್ಲ.

ಶ್ರಾವಣದಾಗ ಸೆಲ್ ಬದಲಿಸೂದು ತುಸು ತಡಾ ಆತು.
ಒಳಗಿಂದೆಲ್ಲಾ ಹೋತು.
ಲೆಕ್ಕ ಅರ್ಧ ವಹ್ಯಾಗ ಇತ್ತು, ಉಳಿದರ್ಧ ಬೆರಳಿಗೆ ನೆನಪಿತ್ತು.
ಏಡಿ ಬರದ ಚೌಕಳಿ ಹಾಳ್ಯಾಗ
ಕಾಕಿ ಅವಲಕ್ಕಿ ಕಟ್ಟಿ ಯಾರಿಗೋ ಕೊಟ್ಟಿದ್ದಳು.

ಕಾಕಾ ಮಾತಾಡಲಿಲ್ಲ. ಅಟ್ಟದಿಂದ ಒಂದು ಟವೆಲ್ ಎಳದು
ನನ್ನ ತೊಡಿ ಮ್ಯಾಲೆ ಒಗದು ಮಗ್ಗಕ್ಕ ಹೋದ.
ಅಂಚಿನ್ಯಾಗ ಏಡಿಗಳು, ಸಾಲಾಗಿ, ಕೆಂಪು ನೂಲಿನ್ಯಾಗ.
ಎಣಿಸಿಕೋತ ಒತ್ತಿದೆ: ಮಲಗಿದ್ದು, ಮಲಗಿದ್ದು, ಎದ್ದದ್ದು, ಎದ್ದದ್ದು.

ಅಂಚಿನ ಎಡ ತುದಿಯಿಂದ ನಲವತ್ತೊಂದಕ್ಕ
ಬೆರಳು ತಡೀತು. ಅಲ್ಲಿ ಎಳೀನ ಇರಲಿಲ್ಲ.
ಹರದಿರಲಿಲ್ಲ. ಹಾಸು ಹೂಡೂ ಮುಂದ
ಎಣಿಸಿ ಬಿಟ್ಟಿದ್ದ.

ಮೂಲ್ಯಾಗ ಗಜೇಂದ್ರಗಡದ ಅಂಗಡಿಯ ಚೀಟಿ,
ಪಿನ್ನು ಜಂಗು ಹಿಡದಿತ್ತು:
ಒಂದು ಡಜನ್ ವಾಪಸ್. ಮಾಲು ಬರೋಬ್ಬರಿ ಇಲ್ಲ.