ಹನ್ನೊಂದು ಪಾಯಿಂಟ್ ಎಂಟು

ಗುರುವಾರ ಸಂಜೆ ಸೂರ್ ಆಸ್ಪತ್ರೆಯ ರಕ್ತದ ಬಸ್ಸು
ಅನಿಲ ಸ್ಥಾವರದ ಕ್ಯಾಂಪಿನ ಗೇಟಿಗೆ ಬಂದು ನಿಂತಾಗ
ಹೊರಗೆ ನಲವತ್ತಾರು ಡಿಗ್ರಿ.
ಸಾಲಿನಲ್ಲಿದ್ದವರ ಮುಖವೆಲ್ಲ ಕೆಂಪು.
ಒಳಗಿನ ಬಿಸಿಯನ್ನು ಹೊತ್ತು ತಂದು
ಚರ್ಮದ ಹೊಸ್ತಿಲಲ್ಲಿ ಸುರಿದು ಹೋಗುವುದೂ
ರಕ್ತದ ಕೆಲಸವೇ.
ಬೇಸಿಗೆಯ ಮಧ್ಯಾಹ್ನದ ವಿರಾಮ ಅದಕ್ಕಿಲ್ಲ.

ಹನ್ನೊಂದನೆಯವನು ಹುಲಿಗೆಪ್ಪ, ಕುಷ್ಟಗಿ ಕಡೆಯವನು,
ಸ್ಕಾಫೋಲ್ಡಿಂಗ್ ಕಟ್ಟುವವನು.
ನನ್ನ ಕನ್ನಡ ಕಿವಿಗೆ ಬಿದ್ದದ್ದೇ
ಕುರ್ಚಿಯಲ್ಲಿ ಕೂರುವ ಮೊದಲು ಅರ್ಧ ನೆಂಟನಾದ.
ಬೆರಳು ಚುಚ್ಚಿದೆ. ಪಟ್ಟಿಯ ಮೇಲೆ ಒಂದು ಹನಿ.
ಯಂತ್ರ ಹೇಳಿತು: ಹನ್ನೊಂದು ಪಾಯಿಂಟ್ ಎಂಟು.
ಬೇಕಾದದ್ದು ಹದಿಮೂರು.

‘ಯಾಕ್ರೀ ಅಕ್ಕಾರ, ನನ್ ರಗತ ಬ್ಯಾಡೇನು?’

ಜ್ಯೂಸಿನ ಡಬ್ಬಿ ಕೊಟ್ಟೆ. ಕೊಡದವರಿಗೆ ಜ್ಯೂಸಿಲ್ಲ
ಎಂಬುದು ನಿಯಮ; ಶಮ್ಸಾ ಅತ್ತ ತಿರುಗಿದಳು.
ಅವನು ಕುಡಿಯಲಿಲ್ಲ. ಸ್ಟ್ರಾ ಮಡಚುತ್ತ ಬಿಚ್ಚುತ್ತ ಕೂತ.
‘ಆರು ಅಂತಸ್ತು ಪೈಪು ಹೊತ್ತು ಏರ್ತೀನ್ರೀ’ ಎಂದ.

ಕಲಿತದ್ದನ್ನು ಹೇಳಿಬಿಟ್ಟರೆ ಸಮಾಧಾನವಾದೀತೆಂದು
ನಂಬಿಕೊಂಡ ಪೈಕಿ ನಾನು.
ಗಿರಕಿ ಹೊಡೆಸಿ ತೆಗೆದಿಟ್ಟ ಟ್ಯೂಬೊಂದನ್ನು ತೋರಿಸಿದೆ:
ಮೇಲೆ ನೋಡು, ಒಣಹುಲ್ಲು ನೆನೆಸಿಟ್ಟ ನೀರಿನ ಬಣ್ಣ,
ಪ್ಲಾಸ್ಮಾ, ಅರ್ಧಕ್ಕಿಂತ ಹೆಚ್ಚು ಅದೇ.
ನೀರು, ಉಪ್ಪು, ನೀನು ತಿಂದ ಖುಬ್ಜದ ಸಕ್ಕರೆ,
ಹೊರಹಾಕಬೇಕಾದ ಕಸ, ಗುರುತಿನ ಪ್ರೋಟೀನುಗಳು,
ಎಲ್ಲ ಒಂದೇ ಲಾರಿಯಲ್ಲಿ.
ನಡುವೆ ಎಳನೀರ ಗಂಜಿಯಷ್ಟು ತೆಳು ಬಿಳಿಗೆರೆ:
ಕಾವಲಿನವರು, ಗಾಯಕ್ಕೆ ಓಡಿಬಂದು ಬೀಳುವ ಚೂರುಗಳು.
ತಳದಲ್ಲಿ ಕೆಂಪು. ನಿನಗೆ ಕಡಿಮೆ ಬಿದ್ದದ್ದು ಅದು.

ಟ್ಯೂಬನ್ನು ಬೆಳಕಿಗೆ ಹಿಡಿದ,
ಮಟ್ಟದ ಗಾಜಿನ ಗುಳ್ಳೆ ನೋಡುವವನಂತೆ, ಒಂದು ಕಣ್ಣು ಮುಚ್ಚಿ.
‘ಇಷ್ಟ ಏನ್ರೀ?’

ಕೆಂಪು ಕಣಕ್ಕೆ ನೂರಿಪ್ಪತ್ತು ದಿನ, ಎಂದೆ.
ಅದರೊಳಗೆ ಬೀಜವಿಲ್ಲ. ಉಸಿರಿಗೆ ಜಾಗ ಬೇಕೆಂದು
ಬಲಿಯುವಾಗಲೇ ಉಗುಳಿಬಿಡುತ್ತದೆ.
ಆಮೇಲೆ ತನ್ನಂಥದ್ದೊಂದನ್ನು ಹೆರಲಾರದು,
ಹರಿದರೆ ಹೊಲಿದುಕೊಳ್ಳಲಾರದು.
ಹೊರುವುದು. ಇಳಿಸುವುದು. ವಾಪಸು ಬರುವಾಗ
ಹೊಗೆಯನ್ನಿಷ್ಟು ಹೊತ್ತು ತರುವುದು.

ಅವನು ಬೆರಳು ಮಡಚಿ ಎಣಿಸಿದ. ಬಂದು ಏಳು ತಿಂಗಳು.
‘ಹಂಗಾರ ಊರಿಂದ ತಂದ ರಗತ
ಎಲ್ಲಾ ಸತ್ತು ಹೋತು.’

ಯಾವ ಪರೀಕ್ಷೆಯಲ್ಲೂ ಈ ಪ್ರಶ್ನೆ ಬಂದಿರಲಿಲ್ಲ.
ಹೌದೆನ್ನಬೇಕು. ಮೆಸ್ಸಿನ ದಾಲು,
ಉಪ್ಪು ಸೋಸಿ ಟ್ಯಾಂಕರಿಗೆ ತುಂಬಿದ ಸಮುದ್ರ,
ಈಗ ಓಡುತ್ತಿರುವುದು ಇಲ್ಲಿಯದೇ.
ಆದರೆ

‘ಊರಾಗ ರೊಟ್ಟಿ ಬಡಿಯೋರು ಯಾರು?’
‘ದೊಡ್ಡವ್ವ. ಸಜ್ಜಿ ರೊಟ್ಟಿ.’

ಸತ್ತ ಕಣವನ್ನು ಗುಲ್ಮ ಬಿಚ್ಚುತ್ತದೆ, ಹುಲಿಗೆಪ್ಪ.
ಬಣ್ಣ ಹಳದಿಯಾಗಿ ಪಿತ್ತಕ್ಕೆ ಹೋಗುತ್ತದೆ.
ಕಬ್ಬಿಣವನ್ನು ಮಾತ್ರ ಎಸೆಯುವುದಿಲ್ಲ.
ಎತ್ತಿಕೊಂಡು, ಕೈಯಿಂದ ಕೈಗೆ ದಾಟಿಸಿ,
ಎಲುಬಿನ ಮಜ್ಜೆಗೆ ಮುಟ್ಟಿಸುತ್ತದೆ, ಹೊಸ ಕಣಕ್ಕೆ.
ಕ್ಲಿಪ್ಪು ಬಿಚ್ಚಿ ಇನ್ನೊಂದು ಕಟ್ಟಡಕ್ಕೆ ಹಾಕುತ್ತೀಯಲ್ಲ, ಹಾಗೆ.
ದೊಡ್ಡವ್ವನ ಸಜ್ಜೆಯ ಕಬ್ಬಿಣ ಇನ್ನೂ ಇಲ್ಲೇ ಇದೆ,
ಒಂದಿಷ್ಟು ಎಲ್ಲೋ ಸೋರಿದೆ, ಅಷ್ಟೆ.
ಎಲ್ಲಿ ಎಂದು ಡಾಕ್ಟರು ನೋಡಲಿ. ಚೀಟಿ ಬರೆದೆ.

ಮುಹನ್ನದನ ವಿಷಯ ಹೇಳಲಿಲ್ಲ.
ಆರು ವರ್ಷ, ಮೂರು ವಾರಕ್ಕೊಂದು ಚೀಲ ಬೇಕು.
ಪರರ ಕಬ್ಬಿಣ ಕೂತು ಕೂತು
ಅವನ ಪುಟ್ಟ ಯಕೃತ್ತು ಭಾರವಾಗಿದೆ,
ಅದನ್ನು ಇಳಿಸಲು ಬೇರೆ ಔಷಧ.
ಒಬ್ಬನಿಗೆ ಸಾಲದು, ಒಬ್ಬನಿಗೆ ಹೆಚ್ಚು;
ನಡುವೆ ಹತ್ತು ಮೈಲಿ ರಸ್ತೆ, ನನ್ನ ಬಸ್ಸು.

ಎದ್ದವನು ಬಾಗಿಲಲ್ಲಿ ನಿಂತ.
ಬೆರಳಿಗೊತ್ತಿದ ಹತ್ತಿಯನ್ನು ಬಿಟ್ಟೇ ಇರಲಿಲ್ಲ,
ರಕ್ತ ಆಗಲೇ ಹೆಪ್ಪುಗಟ್ಟಿ ಬಾಗಿಲು ಹಾಕಿಕೊಂಡಿತ್ತು.
ದನಿ ತಗ್ಗಿಸಿದ:
‘ಮೊಣಕೈಗೂ ಒಂದು ಪಟ್ಟಿ ಹಚ್ರಿ ಅಕ್ಕಾರ.
ರೂಮಿನ್ಯಾಗ ಕೇಳ್ತಾರ.’

ತೋಳು ಚಾಚಿದ. ಒಳ್ಳೆಯ ನರ, ಹಗ್ಗದಂಥದ್ದು,
ಯಾವ ಸೂಜಿಗೂ ಒಂದೇ ಸಲಕ್ಕೆ ಸಿಗುವಂಥದ್ದು.
ಅದರ ಮೇಲೆ ಹತ್ತಿಯಿಟ್ಟು
ಎಲ್ಲರಿಗೂ ಸುತ್ತುವಷ್ಟೇ ಬಿಗಿಯಾಗಿ ಸುತ್ತಿದೆ.
ತೋಳು ಮಡಚು, ಐದು ನಿಮಿಷ, ಎಂದೆ,
ಅಭ್ಯಾಸಬಲ.
ಮಡಚಿಕೊಂಡೇ ಇಳಿದ.